ತೋಡಿಯ ಗಾಂಧಾರಕ್ಕೆ ಸೊನ್ನೆ

ನಮ್ಮ ಮನೆಯ ಕುಕ್ಕರಿಗೆ ಹೋದ ವಾರ ಹೊಸ ವಿಷಲ್ ಹಾಕಿಸಿದೆವು. ಅವತ್ತಿನಿಂದ ಅದು ಅರ್ಧ ಸ್ವರ ಇಳಿಸಿ ಕೂಗುತ್ತಿದೆ. ಈ ವಿಷಯವನ್ನು ನಮ್ಮ ಯಜಮಾನರಿಗೆ ಹೇಳಿದರೆ ಅವರು ಪೇಪರಿನಿಂದ ತಲೆಯನ್ನೂ ಎತ್ತದೆ, "ಬೇಳೆ ಬೆಂದಿದ್ಯಾ?" ಎಂದರು. ಬೆಂದಿತ್ತು, ಚೆನ್ನಾಗಿಯೇ ಬೆಂದಿತ್ತು. ಆದರೆ ನಾನು ಹೇಳಿದ್ದು ಬೇಳೆಯ ಸಮಾಚಾರವೇ? ಮನೆಯಲ್ಲಿ ಒಂದು ವಸ್ತು ಶ್ರುತಿ ಬದಲಾಯಿಸಿದೆ, ದಿನಾ ಬೆಳಿಗ್ಗೆ ಎದುರಿಗೇ ಕೂಗುತ್ತಿದೆ, ಆದರೂ ಅದು ಒಬ್ಬರಿಗೂ ಸುದ್ದಿಯಲ್ಲ ಎಂದರೆ ಸಿಟ್ಟು ಬರುತ್ತದೋ ಇಲ್ಲವೋ ನೀವೇ ಹೇಳಿ.

ಕಿವಿಗೆ ಬಿದ್ದ ಸದ್ದಿಗೆಲ್ಲ ಸ್ವರದ ಹೆಸರು ಹಿಡಿಯುವ ಈ ಚಾಳಿ ನನಗೆ ಅಪ್ಪನಿಂದ ಬಂದದ್ದು. ಅಪ್ಪ ಮೈಸೂರಿನ ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮುಂದೆ ವಾರವೆಲ್ಲ ನಿಲ್ಲುತ್ತಿದ್ದರು. ಭಾನುವಾರ ಮಾತ್ರ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿ ಚರ್ಚಿನ ಕ್ವಾಯರ್ ಹಾಡುಗಾರರ ಮುಂದೆ ನಿಂತರೆ ನಮ್ಮ ಅಪ್ಪನೇ ಹೌದೋ ಅಲ್ಲವೋ ಎನ್ನಿಸುತ್ತಿತ್ತು. ಬಲಿಪೂಜೆಗೆ, ಅಂದರೆ ಮಾಸ್‌ಗೆ, ಹೊಸ ಹಾಡು ಬಂದರೆ ಸ್ವರ ಬರೆದ ಕಾಗದ ನೋಡಿದವರೇ ಪಾಶ್ಚಾತ್ಯರ ಸ ರಿ ಗ ಆದ ಡೋ ರೇ ಮೀ ಎಂದು ಹಾಡಿ ಮುಗಿಸುತ್ತಿದ್ದರು. ಹಾಡನ್ನು ಮೊದಲು ಯಾರಾದರೂ ಹಾಡಿ ತೋರಿಸಬೇಕು ಎನ್ನುವುದು ಅವರ ಮಟ್ಟಿಗೆ ಸೋಮಾರಿಗಳ ಮಾತು.

ಚಾಮರಾಜಪುರದ ನಮ್ಮ ಪುಟ್ಟ ಮನೆಯಲ್ಲಿ ಊಟಕ್ಕೆ ಕೂತಾಗಲೂ ಪಾಠ ನಡೆಯುತ್ತಿತ್ತು. ಪ್ರತಿ ಸ್ವರಕ್ಕೂ ಒಂದೊಂದು ಕೈಸನ್ನೆ ಇತ್ತು. ಅಪ್ಪ ಸನ್ನೆ ತೋರಿಸಿದರೆ ನಾನು ಆ ಸ್ವರ ಹಾಡಬೇಕು. ಮೀ ಎನ್ನುವುದಕ್ಕೆ ಅಂಗೈಯನ್ನು ಕೆಳಮುಖ ಮಾಡಿ ಅಡ್ಡ ಹಿಡಿಯುವುದು. ತಟ್ಟೆಯ ಮೇಲೆ ಅಪ್ಪ ಮೀ ಹಿಡಿದರೆ, ಅಮ್ಮ ಅನ್ನ ಸಾಕಾಯಿತೇನೋ ಎಂದುಕೊಂಡು ಪಾತ್ರೆಯನ್ನು ಒಳಗೆ ತೆಗೆದುಕೊಂಡು ಹೋಗಿಬಿಡುತ್ತಿದ್ದಳು. ಎಷ್ಟೋ ಸಲ ಅಪ್ಪ ಮೀ ಪಾಠ ಮಾಡಿ ಅರೆಹೊಟ್ಟೆಯಲ್ಲಿ ಎದ್ದಿದ್ದಾರೆ.

"ಕುಕ್ಕರ್ ಎಷ್ಟು ಸಲ ಕೂಗ್ತು ಅಂತ ಕೇಳಿದ್ರೆ ಯಾವ ಸ್ವರದಲ್ಲಿ ಕೂಗ್ತು ಅಂತಾರೆ ಅಪ್ಪ ಮಗಳು," ಎಂದು ಅಮ್ಮ ಪಕ್ಕದ ಮನೆಯವರಿಗೆ ದೂರುತ್ತಿದ್ದಳು. "ಇವ್ರನ್ನ ನಂಬ್ಕೊಂಡು ಅನ್ನ ಮುದ್ದೆ ಆಗೋಯ್ತು ಕಣ್ರೀ. ಬುಡಿ, ನನ್ನ ಹಣೆಬರಹ."

ಇಷ್ಟು ಪೀಠಿಕೆ ಯಾಕೆಂದರೆ, ನನ್ನ ಕಿವಿ ತಕ್ಕಮಟ್ಟಿಗೆ ನೆಟ್ಟಗಿದೆ ಎಂದು ನೀವು ನಂಬಬೇಕು. ನನಗೆ ಅದರ ಮೇಲೆ ಬೆಟ್ಟದಷ್ಟು ಜಂಬವಿತ್ತು. ಆ ಕಿವಿಯ ಬಲದಿಂದಲೇ ನಾನು ಒಂದು ಶಾಲೆಯಲ್ಲಿ ಹಾಡಿನ ಟೀಚರ್ ಆದೆ. ವರ್ಷಗಟ್ಟಲೆ ಪ್ರಾರ್ಥನೆ, ನಾಡಹಬ್ಬ, ಕ್ರಿಸ್‌ಮಸ್, ಸ್ಕೂಲ್ ಡೇ ಎಲ್ಲಕ್ಕೂ ಮಕ್ಕಳನ್ನು ತಯಾರು ಮಾಡಿದೆ. ನನ್ನ ಹತ್ತಿರ ಹಾಡು ಕಲಿತ ಹುಡುಗಿಯರು ಈಗ ತಮ್ಮ ಮಕ್ಕಳ ಕೈ ಹಿಡಿದು ತಂದು ಬಿಡುತ್ತಿದ್ದಾರೆ. ಹೀಗಿರುವಾಗ ಒಂದು ದಿನ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ನನ್ನನ್ನು ಕರೆದು ಕೂರಿಸಿ, ಮೊದಲು ಟೀ ತರಿಸಿದರು. ಟೀ ಬಂದಾಗಲೇ ನನಗೆ ಏನೋ ಕೆಟ್ಟ ಸುದ್ದಿ ಎಂದು ಗೊತ್ತಾಯಿತು.

"ರೀಟಾ, ಬೇಜಾರು ಮಾಡ್ಕೋಬೇಡಿ. ಡಿಗ್ರಿ ಇಲ್ದೇ ಇರೋ ಟೀಚರ್‌ಗಳನ್ನ ಮುಂದುವರಿಸೋ ಹಾಗಿಲ್ಲ ಅಂತ ಮ್ಯಾನೇಜ್‌ಮೆಂಟ್ ಹೇಳಿಬಿಟ್ಟಿದೆ. ನೀವು ಮ್ಯೂಸಿಕ್ ಡಿಗ್ರಿಗೆ ಸೇರ್ಕೊಳಿ. ಅದು ಮುಗಿಯೋವರೆಗೂ ನಿಮ್ಮ ಜಾಗ ಹಾಗೇ ಇಟ್ಟಿರ್ತೀನಿ. ಫೇಲಾದ್ರೆ ಮಾತ್ರ ನನ್ನ ಕೈಲಿ ಏನೂ ಇಲ್ಲ."

ಹೀಗೆ ನಾನು ನಲವತ್ತು ದಾಟಿದ ಮೇಲೆ ಕಾಲೇಜಿನ ಹುಡುಗಿಯಾದೆ. ಹಗಲು ಸ್ಕೂಲಿನ ಕೆಲಸ, ಸಂಜೆ ಸಂಗೀತ ಕಾಲೇಜು. ಮೊದಲನೇ ದಿನ ಗೇಟಿನಲ್ಲಿದ್ದವನು ನನ್ನನ್ನು ತಡೆದು, "ಪೇರೆಂಟ್ಸ್ ಎಲ್ಲಾ ಆ ಮರದ ಕೆಳ್ಗೆ ಕೂತ್ಕೋಬೇಕು ಕಣಮ್ಮ, ಒಳೀಕ್ ಬಿಡಂಗಿಲ್ಲ," ಎಂದ. ಕ್ಲಾಸಿನ ಹುಡುಗಿಯರು ನನ್ನನ್ನು ಆಂಟಿ ಎಂದು ಕರೆಯುವುದೋ ಮಿಸ್ ಎಂದು ಕರೆಯುವುದೋ ತಿಳಿಯದೆ ಕೆಲವು ದಿನ ಏನೂ ಕರೆಯದೆ ಇದ್ದರು. ಕೊನೆಗೆ ಸಿಂಚನಾ ಎನ್ನುವ ಚೂಟಿ ಹುಡುಗಿ ಆಂಟಿ ಎಂದು ತೀರ್ಮಾನ ಮಾಡಿದಳು. ಅವತ್ತಿನಿಂದ ಕ್ಲಾಸಿಗೆಲ್ಲ ನಾನು ಆಂಟಿ.

ನಮಗೆ ಸ್ವರಜ್ಞಾನ ಎಂಬ ಒಂದು ಪೇಪರ್ ಇತ್ತು. ಅದರಲ್ಲಿ ಎರಡು ಭಾಗ. ಪಾಠ ಮಾಡುವವರು ಸ್ವರಗಳ ಹೆಸರು ಹೇಳದೆ ಬರೀ "ಆ" ಎಂದು ಒಂದು ತುಣುಕು ಹಾಡುತ್ತಾರೆ, ಅದನ್ನು ಕೇಳಿ ಸ ರಿ ಗ ಮ ಎಂದು ಬರೆಯಬೇಕು. ಆಮೇಲೆ ಒಂದು ಚೀಟಿ ಕೊಡುತ್ತಾರೆ. ಅದರಲ್ಲಿ ಹಿಂದೆಂದೂ ನೋಡಿರದ ಸ್ವರಗಳಿರುತ್ತವೆ, ನೋಡಿದ ತಕ್ಷಣ ಹಾಡಬೇಕು. ಎರಡಕ್ಕೂ ಹತ್ತತ್ತು ಅಂಕ. ಬೇರೆ ಪೇಪರಿನಲ್ಲಿ ಎಷ್ಟು ಬಂದರೂ ಇದರಲ್ಲಿ ಪಾಸಾಗದಿದ್ದರೆ ಡಿಗ್ರಿ ಇಲ್ಲ. ಸಿಲಬಸ್ಸಿನಲ್ಲಿ ಇದನ್ನು ಓದಿದಾಗ ನಾನು ನಕ್ಕುಬಿಟ್ಟೆ. ನನಗೇ ಬರೆದಿಟ್ಟ ಪೇಪರ್ ಇದು, ಇದಕ್ಕೆ ಓದುವುದೇ ಬೇಡ ಎಂದು ಮನೆಯಲ್ಲಿ ಹೇಳಿಕೊಂಡು ಓಡಾಡಿದೆ. ಮೊದಲೆರಡು ವರ್ಷ ಸರಳ ರಾಗಗಳಿದ್ದವು, ಜಂಬಕ್ಕೆ ಧಕ್ಕೆಯಾಗಲಿಲ್ಲ. ಮೂರನೇ ವರ್ಷ ತೋಡಿ ಬಂತು.

ತೋಡಿ ರಾಗವನ್ನು ಕಲಿಸಿದವರು ಅಲಮೇಲು ಮೇಡಂ. ರಿಟೈರಾಗಲು ಬಂದಿದ್ದರು. ಹಾಡಲು ಕೂತರೆ ಕಾರಿಡಾರಿನಲ್ಲಿ ಹೋಗುವವರು ಚಪ್ಪಲಿ ಸದ್ದು ಮಾಡದೆ ಹೋಗುವಂಥ ಕಂಠ. ಟೆಸ್ಟಿನ ದಿನ ಅವರು "ಆ" ಎಂದು ತೋಡಿಯ ಒಂದು ತುಣುಕು ಹಾಡಿದರು. ನಾನು ಕಣ್ಣು ಮುಚ್ಚಿ ಕೇಳಿದೆ. ದನಿ ರಿ ಸ್ವರದಲ್ಲಿ ಕಾಲಿಟ್ಟು ಮ ಸ್ವರಕ್ಕೆ ಹಾರಿತು, ತಿರುಗಿ ರಿಗೆ ಬಂತು, ಮತ್ತೆ ಮಕ್ಕೆ ಹೋಯಿತು. ಒಂದನ್ನೂ ಬಿಡದೆ ಬರೆದೆ: ರಿ ಮ ರಿ ಮ ರಿ ಮ. ಜೊತೆಯವರೆಲ್ಲ ಆಗಲೇ ಪೆನ್ನು ಮುಚ್ಚಿ ಕೂತಿದ್ದರು. ಪಾಪ, ಅರ್ಧವೂ ಕೇಳಿಸಿಲ್ಲ ಎಂದು ನಾನು ಅವರ ಬಗ್ಗೆ ಮರುಕಪಟ್ಟೆ.

ಪೇಪರ್ ಕೈಗೆ ಬಂದಾಗ ಸೊನ್ನೆ. ಸುತ್ತಲೂ ನೋಡಿದೆ. ಎಲ್ಲರಿಗೂ ಒಂಬತ್ತು, ಹತ್ತು.

"ಇದೇನು ರೀಟಾ ಹೀಗ್ ಬರ್ದಿದೀರಾ?" ಎಂದರು ಮೇಡಂ. "ನಾನು ಹಾಡಿದ್ದು ರಿ ಗಾ ಮ. ಗಾಂಧಾರ ಎಲ್ಲಿ ಹೋಯ್ತು?"

"ಮೇಡಂ, ನೀವು ಗ ಹಾಡ್ಲೇ ಇಲ್ವಲ್ಲ!"

ಕ್ಲಾಸು ಗೊಳ್ಳೆಂದಿತು. ನಲವತ್ತು ವರ್ಷದಿಂದ ತೋಡಿ ಹಾಡುತ್ತಿರುವವರಿಗೆ ನೀವು ಗಾಂಧಾರ ಹಾಡಲಿಲ್ಲ ಎಂದು ಹೇಳಿದ ಮಹಾತಾಯಿ ನಾನೊಬ್ಬಳೇ ಇರಬೇಕು. ಆದರೆ ದೇವರಾಣೆ, ಅವರು ಹಾಡಿರಲಿಲ್ಲ. ಆ ರಾಗದ ಸಮಾಚಾರವೇ ಅದು. ತೋಡಿಯಲ್ಲಿ ಗಾಂಧಾರ ಗಾಂಧಾರದ ಜಾಗದಲ್ಲಿ ಒಂದು ಕ್ಷಣವೂ ನೆಟ್ಟಗೆ ನಿಲ್ಲುವುದಿಲ್ಲ. ಕೆಳಗಿನ ರಿಗೂ ಮೇಲಿನ ಮಕ್ಕೂ ಉಯ್ಯಾಲೆಯಾಡುತ್ತಿರುತ್ತದೆ. ಆ ಆಟಕ್ಕೆ ಗಮಕ ಎನ್ನುತ್ತಾರೆ. ಆಟ ಪೂರ್ತಿ ರಿ ಮತ್ತು ಮ ಸ್ವರಗಳದ್ದು, ಹೆಸರು ಮಾತ್ರ ಗಾಂಧಾರದ್ದು. ನಾನು ಕೇಳಿದ್ದನ್ನು ಬರೆದೆ, ಅವರಿಗೆ ಬೇಕಾಗಿದ್ದು ಹೆಸರು. ಹಾಗಾದರೆ ಪ್ರಶ್ನೆಪತ್ರಿಕೆಯಲ್ಲಿ "ಕೇಳಿ ಬರೆಯಿರಿ" ಎಂದು ಯಾಕೆ ಹಾಕಬೇಕು? "ಕೇಳದೆ ಬರೆಯಿರಿ" ಎಂದು ಹಾಕಲಿ.

ಚೀಟಿಯ ಪಾಡು ಇನ್ನೂ ಚೆಂದ. ಚೀಟಿ ಕೈಗೆ ಬಂದಿದ್ದೇ ತಡ, ಅಪ್ಪ ಕಲಿಸಿದ ಹಾಗೆ ತಡವರಿಸದೆ ಹಾಡಿದೆ. ಒಂದು ಸ್ವರ ಆಚೀಚೆಯಾಗಲಿಲ್ಲ. ಗ ಎಂದು ಬರೆದಿತ್ತು, ಗಕ್ಕೆ ಹೋಗಿ ನಿಂತೆ. ಮೇಡಂ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಮೆಚ್ಚಿದ್ದಾರೆ ಎಂದುಕೊಂಡೆ.

"ಯಾಕ್ ರೀಟಾ, ಲೈಟ್ ಕಂಬ ನೆಟ್ಟ ಹಾಗೆ ಹಾಡ್ತೀರಾ? ತೋಡೀಲಿ ಯಾರಾದ್ರೂ ಗಾಂಧಾರನ ಹಾಗೆ ನಿಲ್ಲಿಸ್ತಾರಾ?"

"ಚೀಟೀಲಿ ಗ ಅಂತ ಮಾತ್ರ ಇದೆಯಲ್ಲ ಮೇಡಂ. ಆಡ್ಸು ಅಂತ ಎಲ್ಲೂ ಬರ್ದಿಲ್ಲ."

"ಅದನ್ನೆಲ್ಲ ಬರೀತಾರೇನ್ರೀ?"

ಅಂಕ ಎರಡು. ಈ ನ್ಯಾಯ ನೋಡಿ. ಬರೆಯುವಾಗ ಇರುವುದನ್ನೆಲ್ಲ ಬರೆದೆ ಎಂದು ಸೊನ್ನೆ, ಹಾಡುವಾಗ ಇಲ್ಲದ್ದನ್ನು ಹಾಡಲಿಲ್ಲ ಎಂದು ಎರಡು. ಅವತ್ತು ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಯಜಮಾನರು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತು, ಬಿದ್ದ ಪಾತ್ರೆ ಯಾವ ಸ್ವರದ್ದು ಎಂದು ಕೇಳಿದರು. ನಾನು ಹೇಳಿದೆನೋ ಇಲ್ಲವೋ ಈಗ ನೆನಪಿಲ್ಲ, ಹೇಳಿರುತ್ತೇನೆ.

ಮರುದಿನ ಸಿಂಚನಾಳನ್ನು ಹಿಡಿದೆ. ಕ್ಯಾಂಟೀನಿನಲ್ಲಿ ಮಸಾಲೆದೋಸೆ ಕೊಡಿಸಿ, ಹತ್ತಕ್ಕೆ ಹತ್ತು ತೆಗೆದ ಗುಟ್ಟೇನು ಎಂದು ಕೇಳಿದೆ.

"ಗುಟ್ಟೇನಿಲ್ಲ ಆಂಟಿ. ಶುರುವಾದ ತಕ್ಷಣ ತೋಡಿ ಅಂತ ಗೊತ್ತಾಗುತ್ತಲ್ಲ? ಆಮೇಲೆ ನಾನು ಕೇಳೋದೇ ಇಲ್ಲ. ಪಾಠ ಆಗಿರೋದ್ರಲ್ಲಿ ಯಾವ್ದಾದ್ರೂ ಒಂದು ಸ್ವರಸಂಚಾರ ಹೊಂದಿಸಿ ಬರ್ದ್ಬುಡ್ತೀನಿ. ಹೆಚ್ಚುಕಮ್ಮಿ ಅದೇ ಇರುತ್ತೆ."

"ಕೇಳೋದೇ ಇಲ್ವಾ?"

"ಕೇಳ್ತಾ ಕೂತ್ರೆ ಕನ್‌ಫ್ಯೂಸ್ ಆಗುತ್ತೆ ಆಂಟಿ. ನಿಮ್ಗಾಗಿಲ್ವಾ?" ಎಂದು ಚಟ್ನಿ ಮುಗಿಸಿದಳು. ಅವಳ ಮೇಲೆ ನನಗೆ ಕೋಪ ಬರಲಿಲ್ಲ. ಐದು ವರ್ಷದ ಮಗುವಾಗಿದ್ದಾಗಿನಿಂದ ಪಾಠ ಹೇಳಿಸಿಕೊಂಡು ಬಂದವಳು ಅವಳು. ಅವಳ ಬಾಯಲ್ಲಿ ತೋಡಿ ಮನೆಮಾತು. ಕೋಪ ಬಂದಿದ್ದು ಆ ಹತ್ತು ಅಂಕದ ಮೇಲೆ.

ಇದಾದ ಕೆಲವೇ ದಿನಕ್ಕೆ ಸಿಂಚನಾ ತನ್ನ ಮೊಬೈಲಿನಲ್ಲಿ ಹೊಸದೊಂದು ಆ್ಯಪ್ ಹಾಕಿಕೊಂಡು ಬಂದಳು. ಯಾರು ಹಾಡಿದರೂ ಸ್ವರಗಳು ತಾವಾಗಿಯೇ ಪರದೆಯ ಮೇಲೆ ಮೂಡುತ್ತವಂತೆ. ಮೊಬೈಲನ್ನು ಮೇಡಂ ಎದುರಿಗೆ ತಂಬೂರಿಗೆ ಒರಗಿಸಿ ಇಟ್ಟಳು. ಮೇಡಂ ನಗುತ್ತಲೇ ತೋಡಿ ಹಾಡಿದರು. ಎಲ್ಲರೂ ಬಗ್ಗಿ ನೋಡಿದೆವು. ರಿ ಮ ರಿ ಮ ರಿ ಮ! ನಾನು ಖುಷಿಯಿಂದ ಎದ್ದು ನಿಂತುಬಿಟ್ಟೆ. ಮೇಡಂ ಕನ್ನಡಕ ಏರಿಸಿ ನೋಡಿದರು, ಆ ಮೊಬೈಲಿನ ಬೆನ್ನು ಸವರುವುದೊಂದು ಬಾಕಿ ಇತ್ತು.

"ಪಾಪ, ಮೆಷಿನ್ ಅಲ್ವಾ? ಅದಕ್ಕೇನ್ ಗೊತ್ತಾಗುತ್ತೆ. ಆದ್ರೂ ಎಷ್ಟ್ ಚೆನ್ನಾಗಿ ಹಿಡಿಯುತ್ತೆ ನೋಡಿ!"

"ಮೇಡಂ," ಎಂದೆ. "ಅದಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರಾ?"

ಮೇಡಂ ಮೊಬೈಲನ್ನು ಪಕ್ಕಕ್ಕೆ ಸರಿಸಿ, ತಂಬೂರಿ ಶ್ರುತಿ ಮಾಡತೊಡಗಿದರು. ಅದೇ ಉತ್ತರ ಬರೆದ ಮೊಬೈಲಿಗೆ ಪಾಪ ಎನ್ನುತ್ತಾರೆ, ನನಗೆ ಸೊನ್ನೆ ಹಾಕುತ್ತಾರೆ. ಮೊಬೈಲಿಗೇನು, ಅದು ಫೇಲಾದರೆ ಅದರ ಕೆಲಸ ಹೋಗುತ್ತದೆಯೇ? ನನ್ನದು ಹೋಗುತ್ತಿತ್ತು. ಆಗಲೇ ಸಿಸ್ಟರ್ ಒಮ್ಮೆ ಸ್ಕೂಲಿನ ಕಾರಿಡಾರಿನಲ್ಲಿ ಸಿಕ್ಕಿ, ಸುಮ್ಮನೆ ವಿಚಾರಿಸುವವರ ಹಾಗೆ, "ಪರೀಕ್ಷೆ ಚೆನ್ನಾಗ್ ಆಗುತ್ತಲ್ಲ ರೀಟಾ?" ಎಂದು ಕೇಳಿದ್ದರು. ಹೊಸ ಹಾಡಿನ ಟೀಚರ್ ಬೇಕು ಎನ್ನುವ ಮಾತು ಸ್ಟಾಫ್ ರೂಮಿನಲ್ಲಿ ನಾನು ಬಂದ ಕೂಡಲೇ ನಿಲ್ಲುತ್ತಿತ್ತು.

ಒಂದು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ನೇರವಾಗಿ ಮೇಡಂ ಮನೆಗೇ ಜಗಳಕ್ಕೆ ಹೋದೆ. ಅವರ ಮನೆಯೂ ಚಾಮರಾಜಪುರದಲ್ಲೇ, ನನ್ನ ತವರಿನ ಹಿಂದಿನ ರಸ್ತೆ. ಅವರೆಕಾಯಿ ಕಾಲ. ಮೇಡಂ ನೆನೆಸಿದ ಕಾಳಿನ ಬೋಗುಣಿ ಮುಂದಿಟ್ಟುಕೊಂಡು ಹಿಸುಕುತ್ತಾ ಕೂತಿದ್ದರು. ನನ್ನನ್ನು ನೋಡಿದವರೇ ಬೋಗುಣಿಯನ್ನು ನನ್ನ ಕಡೆಗೆ ಅರ್ಧ ತಳ್ಳಿದರು. ಕೈಯಲ್ಲಿ ಅವರೆಕಾಳು ಇಟ್ಟುಕೊಂಡು ಜಗಳ ಆಡುವುದು ಬಹಳ ಕಷ್ಟ. ಒತ್ತಿದಾಗೆಲ್ಲ ಬೇಳೆ ಚಿಮ್ಮಿ ಎಲ್ಲೋ ಹೋಗುತ್ತದೆ, ಅದನ್ನು ಹುಡುಕುವುದರಲ್ಲಿ ಆಡಬೇಕಾದ ಮಾತು ಮರೆಯುತ್ತದೆ.

"ಮೇಡಂ, ನನ್ನ ಕಿವಿ ಸುಳ್ಳು ಹೇಳಲ್ಲ."

"ಸುಳ್ಳು ಅಂತ ಯಾರಂದ್ರು? ನೀವು ಬರ್ದಿದ್ರಲ್ಲ, ಅದನ್ನೇ ಹಾಡಿ ನೋಡೋಣ."

ಹಾಡಿದೆ. ರಿ ಮ ರಿ ಮ ರಿ ಮ.

"ಇನ್ನೂ ಸ್ವಲ್ಪ ಜೋರಾಗಿ ಓಡ್ಸಿ. ರಿ ಹತ್ರ ಜಾಸ್ತಿ ನಿಲ್ಬೇಡಿ. ಹೂಂ. ಈಗ ರಿ ಮ ಅಂತ ಬಾಯಲ್ಲಿ ಹೇಳ್ಬೇಡಿ. ಗಾ ಅನ್ನಿ, ದನಿ ಮಾತ್ರ ಅಲ್ಲೇ ಓಡಾಡ್ಲಿ."

ಅಂದೆ. ಗಾ ಎಂದೆ. ನನ್ನ ಗಂಟಲಿನಿಂದ ತೋಡಿ ಬಂತು. ನನ್ನ ಬಾಯಿಂದ ಅದು ಬಂದಿದ್ದು ಅದೇ ಮೊದಲು, ಸುಳ್ಳು ಯಾಕೆ ಹೇಳಲಿ, ಮೈ ಜುಮ್ಮೆಂದಿತು. ಮೇಡಂ ಹಿಸುಕುವುದನ್ನು ನಿಲ್ಲಿಸಿದರು.

"ಮತ್ತೊಂದ್ಸಲ ಹಾಡಮ್ಮ," ಎಂದರು. ಅಷ್ಟು ದಿನ ಬಹುವಚನದಲ್ಲಿ ಮಾತಾಡಿಸುತ್ತಿದ್ದವರು ಏಕವಚನಕ್ಕೆ ಬಂದಿದ್ದರು. ಹಾಡಿದೆ. "ನಮ್ಮ ಗುರುಗಳು ಇದನ್ನ ಬಿಡಿಸಿ ಹೇಳ್ಲೇ ಇಲ್ಲ ಕಣಮ್ಮ. ಹಾಡೋರು, ನಾವು ಹಿಂದೆ ಹಾಡೋದು, ತಪ್ಪಾದ್ರೆ ಬೈಯೋರು. ನನ್ಗೆ ಈ ಗಾಂಧಾರ ಹಿಡಿಯೋಕೆ ವರ್ಷಗಟ್ಲೆ ಹಿಡೀತು. ಅದರೊಳಗೆ ಏನಿದೆ ಅಂತ ನೀನು ಕೇಳಿದ ಮೊದಲನೇ ದಿನಾನೇ ಬರ್ದಿಟ್ಟಿದೀಯ."

ನನಗೆ ಅಳು ಬಂತು. ಆದರೆ ನಾನು ಬಂದದ್ದು ಅಳುವುದಕ್ಕಲ್ಲವಲ್ಲ.

"ಹಾಗಾದ್ರೆ ಮಾರ್ಕ್ಸ್ ಕೊಡಿ ಮೇಡಂ."

ಮೇಡಂ ಸೆರಗಿನಲ್ಲಿ ಕೈ ಒರೆಸಿಕೊಂಡರು. "ಎಲ್ಲಿಂದ ಕೊಡ್ಲಿ? ಫೈನಲ್‌ಗೆ ಬರೋರು ಹೊರಗಿನ ಎಕ್ಸಾಮಿನರ್. ಅವ್ರ ಹತ್ರ ಇರೋ ಉತ್ತರದಲ್ಲಿ ಗ ಅಂತ ಇರುತ್ತೆ. ನೀನು ಗ ಅಂತ ಬರ್ದ್ರೆ ಪಾಸು, ಇಲ್ದಿದ್ರೆ ಇಲ್ಲ. ಕೆಲಸ ಉಳಿಸ್ಕೋ ಕಣಮ್ಮ ಮೊದ್ಲು. ಹಾಡೋದು ಆಮೇಲೆ ಇದ್ದೇ ಇದೆ."

ಹಿಸುಕಿದ ಬೇಳೆಯ ಸಾರು ಮಾಡಿ, ಊಟ ಹಾಕಿಯೇ ಕಳಿಸಿದರು. ಸಾರು ಅಮೃತದಂತಿತ್ತು ಎಂದು ಒಪ್ಪಿಕೊಳ್ಳುತ್ತೇನೆ, ಆದರೆ ನನ್ನ ಸಿಟ್ಟು ಅದರಲ್ಲಿ ಕರಗಲಿಲ್ಲ. ಸರಿ ಎಂದು ಗೊತ್ತಿದ್ದೂ ತಪ್ಪು ಹಾಕುತ್ತೇವೆ, ನೀನೇ ಹೊಂದಿಕೊಂಡು ಹೋಗು ಎಂದರೆ ಹೇಗೆ? ಆದರೂ ಹೊಂದಿಕೊಂಡೆ. ಅವತ್ತಿನಿಂದ ದಿನಾ ಬೆಳಿಗ್ಗೆ ತೋಡಿ ಹಾಡಿದೆ. ಬಟ್ಟೆ ಒಗೆಯುವಾಗ, ಸ್ಕೂಟರಿನ ಮೇಲೆ, ಸ್ಕೂಲಿನ ಖಾಲಿ ರೂಮಿನಲ್ಲಿ ಆ ಗಾಂಧಾರವನ್ನು ತೂಗಿ ತೂಗಿ ಅದು ನನ್ನದಾಯಿತು.

ಪ್ರಾಕ್ಟಿಕಲ್ ಪರೀಕ್ಷೆ ಆಷಾಢದ ಒಂದು ಶುಕ್ರವಾರ ಬಿತ್ತು. ಎಕ್ಸಾಮಿನರ್ ಬೇರೆ ಊರಿನವರು. ಮೈಸೂರಿಗೆ ಬಂದ ಮೇಲೆ ತಾಯಿಯ ದರ್ಶನ ಮಾಡಿಕೊಂಡೇ ಬರೋಣ ಎಂದು ಚಾಮುಂಡಿ ಬೆಟ್ಟ ಹತ್ತಿದ್ದಾರೆ. ಆಷಾಢ ಶುಕ್ರವಾರದ ಜಾತ್ರೆಯಂಥ ಜನದಲ್ಲಿ ಬೆಟ್ಟಕ್ಕೆ ಹೋದವರು ಹೊತ್ತಿಗೆ ಸರಿಯಾಗಿ ಇಳಿದುಬಂದದ್ದು ಎಲ್ಲಾದರೂ ಉಂಟೇ? ನಾವು ಬೆಳಿಗ್ಗೆಯಿಂದ ಗಂಟಲು ಒಣಗಿಸಿಕೊಂಡು ಕಾದೆವು. ಊಟದ ಹೊತ್ತು ದಾಟಿದ ಮೇಲೆ ಹಣೆ ತುಂಬ ಕುಂಕುಮ ಇಟ್ಟುಕೊಂಡು ಬಂದರು, ಬಂದವರೇ ರಾತ್ರಿಯ ಟ್ರೈನಿನ ಬಗ್ಗೆ ವಿಚಾರಿಸಿದರು.

ಮೊದಲು ಚೀಟಿ. ನನಗೆ ಸಿಕ್ಕಿದ್ದೂ ತೋಡಿಯೇ. ಚೀಟಿ ನೋಡಿದೆ, ಉಸಿರು ತೆಗೆದುಕೊಂಡೆ. ಮೊದಲನೇ ಗಾಂಧಾರಕ್ಕೆ ಬಂದೆ. ಅದು ಎದ್ದು ತೂಗಿತು. ಮೇಡಂ ಮೂಲೆಯ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಸಾಕಮ್ಮಾ, ಆಯ್ತು," ಎಂದರು ಎಕ್ಸಾಮಿನರ್. "ನೆಕ್ಸ್ಟ್ ಯಾರು?"

"ಸರ್, ಇನ್ನೂ ಇದೆ."

"ಟೈಮಿಲ್ಲ ಕಣಮ್ಮ. ಪಾಸ್ ಮಾಡಿದೀನಿ, ಹೋಗಿ."

ಒಂದು ಗಾಂಧಾರಕ್ಕಾಗಿ ಅರ್ಧ ವರ್ಷ ಒದ್ದಾಡಿದ್ದೆ. ಅದನ್ನು ಪೂರ್ತಿ ಕೇಳುವ ವ್ಯವಧಾನ ಆ ಮನುಷ್ಯನಿಗೆ ಇರಲಿಲ್ಲ. ಕಣ್ಣು ಉರಿಯುತ್ತಿತ್ತು. ಹಾಗೆಯೇ ಹೋಗಿ ಪರೀಕ್ಷೆಯ ಹಾಲಿನಲ್ಲಿ ಎಲ್ಲರ ಜೊತೆ ಬರೆಯಲು ಕೂತೆ.

ಎಕ್ಸಾಮಿನರ್ ಶ್ರುತಿಪೆಟ್ಟಿಗೆ ಹಾಕಿಸಿ "ಆ" ಎಂದು ಶುರು ಮಾಡಿದರು. ದನಿ ಒಮ್ಮೆ ತೂಗಿದ್ದೇ ತಡ, ತೋಡಿ ಎಂದು ಗೊತ್ತಾಯಿತು. ಸ್ಕೂಲು ಕಣ್ಣ ಮುಂದೆ ಬಂತು, ಸಿಸ್ಟರ್ ತರಿಸಿದ ಟೀ ಬಂತು. ಕೈ ತಾನಾಗಿಯೇ ರಿ ಗಾ ಮ ಎಂದು ಬರೆಯಿತು, ಪಾಠದಲ್ಲಿದ್ದ ಸಂಚಾರ ಒಂದನ್ನು ಅದಕ್ಕೆ ಹೊಂದಿಸಿ ಮುಗಿಸಿತು. ಪೆನ್ನು ಮುಚ್ಚಿ ಕೆಳಗಿಟ್ಟೆ. ಸಿಂಚನಾಳೂ ಇಟ್ಟಿದ್ದಳು. ಎಲ್ಲರೂ ಇಟ್ಟಿದ್ದರು. ಆಗ ಗಮನಕ್ಕೆ ಬಂತು, ಎಕ್ಸಾಮಿನರ್ ಇನ್ನೂ ಹಾಡುತ್ತಲೇ ಇದ್ದಾರೆ.

ರಿಸಲ್ಟ್ ಬಂದ ದಿನ ಮೇಡಂ ಫೋನ್ ಮಾಡಿದರು. ಬರೆದಿದ್ದಕ್ಕೆ ಹತ್ತಕ್ಕೆ ಹತ್ತಂತೆ. ಸಿಸ್ಟರ್ ಈ ಸಲವೂ ಟೀ ತರಿಸಿದರು, ಬಿಸ್ಕತ್ತು ಸಹ ಇತ್ತು. ಕೆಲಸ ಉಳಿಯಿತು. ನನ್ನ ಸ್ವರಜ್ಞಾನ ಅತ್ಯುತ್ತಮ ದರ್ಜೆಯದು ಎಂದು ಮಾರ್ಕ್ಸ್ ಕಾರ್ಡಿನಲ್ಲಿ ಬರೆದಿದೆ. ಯಜಮಾನರು ಅದಕ್ಕೆ ಫ್ರೇಮ್ ಹಾಕಿಸೋಣ ಎಂದರು, ಬೇಡ ಎಂದೆ.

ಅವತ್ತು ಆ ಎಕ್ಸಾಮಿನರ್ ಹಾಡಿದ್ದೇನು ಎಂದು ಮಾತ್ರ ನನ್ನನ್ನು ಕೇಳಬೇಡಿ. ನಾನು ಕೇಳಿಸಿಕೊಳ್ಳಲಿಲ್ಲ.